ಮೊದಲ ಮನೆ ಯಾರಿಗೆ ಹೆಚ್ಚು ಕಷ್ಟವಾಗಿತ್ತು? ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗನೋ ಮಗಳೋ ಫ್ಲ್ಯಾಟ್ ನೋಡಲು ಹೊರಟರೆಂದರೆ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. "ನಮ್ಮ ಕಾಲದಲ್ಲಿ ಸಾಲ ಕೊಡುವವರೇ ಇರಲಿಲ್ಲ, ಆದರೂ ಮನೆ ಮಾಡಿದೆವು" ಎಂದು ಹಿರಿಯರು ಹೇಳಿದರೆ, "ಆಗ ಜಾಗಕ್ಕೆ ಸೆಂಟ್ಸಿಗೆ ಎಷ್ಟಿತ್ತು, ಈಗ ಎಷ್ಟಾಗಿದೆ ನೋಡಿ" ಎಂದು ಕಿರಿಯರು ಉತ್ತರಿಸುತ್ತಾರೆ. ಎರಡೂ ಕಡೆಯವರು ಸತ್ಯವನ್ನೇ ಹೇಳುತ್ತಿರುತ್ತಾರೆ. ಆ ಚರ್ಚೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳಿಗೆ, ನಮ್ಮ ಕರಾವಳಿಯ ಭೂಮಿಯ ಚರಿತ್ರೆಯನ್ನು ಮುಂದಿಟ್ಟುಕೊಂಡು, ಇಲ್ಲಿ ಉತ್ತರ ಬರೆದಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ: ಹಿಂದಿನವರಿಗೆ ಹೆಚ್ಚು ಕಷ್ಟವಾಗಿತ್ತೇ?

ಅಜ್ಜ-ಅಜ್ಜಿಯರ ತಲೆಮಾರಿನ ಬಹುಪಾಲು ಜನರಿಗೆ ಕಷ್ಟ ಹೆಚ್ಚಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಅಪ್ಪ-ಅಮ್ಮನ ತಲೆಮಾರಿನಲ್ಲಿ, ಖಾಯಂ ಸಂಬಳವಿದ್ದು ಕುಟುಂಬದಿಂದ ಒಂದಿಷ್ಟು ಜಾಗವೂ ಬಂದವರಿಗೆ ದಾರಿ ಸಾಕಷ್ಟು ಸುಗಮವಾಗಿತ್ತು. ಇಂದು ಜಾಗವಿಲ್ಲದ ಕುಟುಂಬದಿಂದ ಬಂದು, ಖಾಸಗಿ ಕೆಲಸದ ಸಂಬಳವನ್ನೇ ನಂಬಿ ಮೊದಲ ಮನೆಗೆ ಹೊರಟವರ ಕಷ್ಟ, ಜಾಗವಿದ್ದ ಅವರ ಅಪ್ಪಂದಿರ ಪ್ರಾಯದವರು ಪಟ್ಟ ಕಷ್ಟಕ್ಕಿಂತ ದೊಡ್ಡದು. ಆದ್ದರಿಂದ ಕರಾವಳಿಯ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಕಾಲದವರು" ಎಂಬುದಕ್ಕಿಂತ "ಮನೆ ಕಟ್ಟುವ ಜಾಗ ಯಾರದಾಗಿತ್ತು" ಎಂಬುದು. ಮುಂದಿನ ಉತ್ತರಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಅಜ್ಜಂದಿರ ಕಾಲದಲ್ಲಿ ಮನೆ ಕೊಳ್ಳುವ ಪದ್ಧತಿಯೇ ಇತ್ತೇ?

ಪೇಟೆಯ ವ್ಯಾಪಾರಿಗಳನ್ನೂ ವಕೀಲರನ್ನೂ ಬಿಟ್ಟರೆ, ಬಹಳ ಕಡಿಮೆ. ಜಮೀನಿದ್ದ ಮನೆತನಗಳಲ್ಲಿ ಜನ ಕುಟುಂಬದ ಮನೆಯಲ್ಲೇ ಹುಟ್ಟಿ ಅಲ್ಲೇ ಬಾಳುತ್ತಿದ್ದರು. ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಹರಿದು ಬರುತ್ತಿದ್ದು, ಕುಟುಂಬದ ಯಜಮಾನರು ಅದನ್ನು ನೋಡಿಕೊಳ್ಳುತ್ತಿದ್ದರು. ಒಬ್ಬ ವ್ಯಕ್ತಿ ತನ್ನ ಪಾಲನ್ನು ಬೇರೆ ಮಾಡಿಸಿಕೊಂಡು ಸ್ವಂತ ಮನೆ ಮಾಡುವುದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವವರೆಗೆ ಸುಲಭದ ಮಾತಾಗಿರಲಿಲ್ಲ.

ಜಮೀನಿಲ್ಲದವರ ಸ್ಥಿತಿ ಬೇರೆಯೇ ಆಗಿತ್ತು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದುದರಿಂದ, ಸಾವಿರಾರು ಕುಟುಂಬಗಳು ಧಣಿಗಳ ಜಾಗದಲ್ಲಿ ಒಕ್ಕಲಾಗಿ ಕುಳಿತು, ಮುಳಿಹುಲ್ಲಿನ ಮಾಡಿನ ಮನೆಯನ್ನು ತಾವೇ ಕಟ್ಟಿಕೊಂಡು, ಅದನ್ನು ತಮ್ಮದೆಂದು ಹೇಳಲಾಗದೆ ಬದುಕಿದವು. ಮೂಲಗೇಣಿಯವರಿಗೆ ವಂಶಪಾರಂಪರ್ಯದ ಹಕ್ಕೂ ನಿಗದಿತ ಗೇಣಿಯೂ ಇದ್ದುದರಿಂದ ಅಷ್ಟರ ಮಟ್ಟಿಗೆ ನೆಮ್ಮದಿಯಿತ್ತು. ಚಾಲಗೇಣಿಯವರಿಗೆ ಅದೂ ಇರಲಿಲ್ಲ. ಗೇಣಿ ತಪ್ಪಿದರೆ ಗದ್ದೆಯ ಜೊತೆಗೆ ಮನೆಯೂ ತಪ್ಪುವ ಭಯದಲ್ಲಿ, ಮಾಡಿಗೆ ಹಂಚು ಹಾಕಿಸಲೂ ಹಿಂದೆಮುಂದೆ ನೋಡಬೇಕಾಗಿತ್ತು. ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮಂಗಳೂರು ಹಂಚು ಹಡಗು ಹತ್ತಿ ದೇಶ ವಿದೇಶಗಳಿಗೆ ಹೋದ ಮೇಲೆಯೂ ಇದೇ ಊರಿನ ಸುತ್ತಮುತ್ತಲ ಒಕ್ಕಲು ಮನೆಗಳ ಮೇಲೆ ತಲೆಮಾರುಗಳ ಕಾಲ ಹುಲ್ಲೇ ಉಳಿಯಿತು. ಇವರ ಪಾಲಿಗೆ "ಮನೆ ಕೊಳ್ಳುವುದು ಕಷ್ಟವಾಗಿತ್ತೇ" ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

1974ರಲ್ಲಿ ನಿಜವಾಗಿ ಏನು ಬದಲಾಯಿತು?

ಇದು ಈ ಪುಟದ ಅತಿ ಮುಖ್ಯ ಪ್ರಶ್ನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಗೆ ಇದ್ದ ಜಮೀನುಗಳು ಸರಕಾರದಲ್ಲಿ ನಿಹಿತವಾದವು, ಅಂದರೆ ಅವುಗಳ ಒಡೆತನ ಸರಕಾರಕ್ಕೆ ಹೋಯಿತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ಸಾಬೀತುಪಡಿಸಿ ಒಡೆತನ ಪಡೆಯಬಹುದಾಗಿತ್ತು. ಅರ್ಜಿಗೆ ಅಂತಿಮ ಗಡುವು 1979ರ ಜೂನ್ 30ಕ್ಕೆ ಮುಗಿಯಿತು. ಊರಿನಲ್ಲಿ ಇಂದಿಗೂ "ಡಿಕ್ಲರೇಶನ್ ಕೊಟ್ಟ ಜಾಗ", "ಡಿಕ್ಲರೇಶನ್‌ನಲ್ಲಿ ಸಿಕ್ಕಿದ್ದು" ಎಂದು ಜನ ಹೇಳುವುದು ಇದನ್ನೇ. ಕೃಷಿ ಕಾರ್ಮಿಕರು ಬೇರೆಯವರ ಜಮೀನಿನಲ್ಲಿ ವಾಸಿಸುತ್ತಿದ್ದ ಮನೆಗಳ ಹಕ್ಕಿಗೂ ಅದೇ ಕಾಯ್ದೆಯಲ್ಲಿ ಪ್ರತ್ಯೇಕ ಅವಕಾಶವಿತ್ತು.

ಈ ಕಾಯ್ದೆಯನ್ನು ನಾವು ಸಾಮಾನ್ಯವಾಗಿ ಗದ್ದೆಯ ಕಾಯ್ದೆ ಎಂದು ನೆನಪಿಟ್ಟುಕೊಳ್ಳುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಕರಾವಳಿಯ ಅತಿ ದೊಡ್ಡ ವಸತಿ ಯೋಜನೆಯೂ ಆಗಿತ್ತು. ಸ್ವಂತ ಜಾಗ ಕೈಗೆ ಬಂದೊಡನೆ ಮನುಷ್ಯ ಮಾಡುವ ಮೊದಲ ಕೆಲಸ ಮಾಡನ್ನು ಗಟ್ಟಿ ಮಾಡುವುದು. ಪರ್ಕಳ, ಹಿರಿಯಡ್ಕ, ಮೂಡುಬಿದಿರೆ, ಬಿ.ಸಿ.ರೋಡ್ ಕಡೆಯ ಹಳೆಯ ಮನೆಗಳನ್ನು ಹತ್ತಿರದಿಂದ ನೋಡಿದರೆ ಆ ಕ್ರಮ ಗೋಡೆಯಲ್ಲೇ ಕಾಣಿಸುತ್ತದೆ. ನಡುವಿನ ಎರಡು ಕೋಣೆಗಳಿಗೆ ಮಣ್ಣಿನಲ್ಲಿ ಕೂಡಿಸಿದ ಕೆಂಪು ಕಲ್ಲಿನ ದಪ್ಪ ಗೋಡೆ, ಮೇಲೆ ಹಂಚು. ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಎದುರಿನ ಜಗಲಿಗೆ ಕೆಲವು ವರ್ಷಗಳ ನಂತರದ ಸಿಮೆಂಟಿನ ಸಾರಣೆಯೂ ರೆಡ್ ಆಕ್ಸೈಡಿನ ನೆಲವೂ ಬಂದಿರುತ್ತದೆ. ಹಿಂಬದಿಯಲ್ಲಿ ಅಡುಗೆಕೋಣೆಗೆ ತಾಗಿಕೊಂಡು, ಮಗನೋ ಅಳಿಯನೋ ದುಡಿಯತೊಡಗಿದ ಮೇಲೆ ಕಟ್ಟಿಸಿದ ತಾರಸಿಯ ಬಚ್ಚಲು ನಿಂತಿರುತ್ತದೆ. ಹದಿನೈದು ಇಪ್ಪತ್ತು ವರ್ಷ ಹಿಡಿದ ಈ ಮನೆಗೆ ಯಾರೂ ಕಂತು ಕಟ್ಟಲಿಲ್ಲ. ಹಣ ಬಂದಾಗ ಒಂದು ಗೋಡೆ ಎದ್ದಿತು, ಬಾರದಾಗ ಕೆಲಸ ನಿಂತಿತು. ನಿಂತರೂ ಮನೆಯನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ, ಏಕೆಂದರೆ ಅಡಿಯ ನೆಲ ಅವರದಾಗಿತ್ತು.

ಹೀಗೆ ಸಿಕ್ಕ ಜಮೀನನ್ನು ಹದಿನೈದು ವರ್ಷಗಳ ಕಾಲ ಮಾರುವಂತಿಲ್ಲ ಎಂಬ ನಿರ್ಬಂಧವೂ ಕಾಯ್ದೆಯಲ್ಲಿತ್ತು. ತೊಂಬತ್ತರ ದಶಕದಲ್ಲಿ ಆ ಗಡುವು ಒಂದೊಂದಾಗಿ ಮುಗಿಯುತ್ತ ಬಂದಂತೆ, ಪೇಟೆಯ ಅಂಚಿನ ಎಷ್ಟೋ ಜಾಗಗಳು ಮಾರಾಟಕ್ಕೆ ಅರ್ಹವಾದವು.

ಭೂಸುಧಾರಣೆಯಿಂದ ಎಲ್ಲರಿಗೂ ಜಾಗ ಸಿಕ್ಕಿತೇ?

ಇಲ್ಲ. ಅರ್ಜಿ ಕೊಡಲು ಧೈರ್ಯ ಸಾಲದವರಿದ್ದರು, ಗಡುವು ತಪ್ಪಿದವರಿದ್ದರು, ಗೇಣಿಯ ದಾಖಲೆ ಬೇರೆಯವರ ಹೆಸರಿನಲ್ಲಿದ್ದವರಿದ್ದರು. ಜಮೀನು ಕಳೆದುಕೊಂಡ ಸಣ್ಣ ಒಡೆಯರಲ್ಲಿ, ಆ ಗೇಣಿಯನ್ನೇ ನಂಬಿ ಬದುಕುತ್ತಿದ್ದ ವಿಧವೆಯರೂ ಇದ್ದರು. ಅವರ ನೋವನ್ನು ಮರೆಯುವುದು ನ್ಯಾಯವಲ್ಲ. ನವ ಮಂಗಳೂರು ಬಂದರಿಗಾಗಿ ಪಣಂಬೂರಿನಲ್ಲಿ ಮನೆ, ಗದ್ದೆ ಬಿಟ್ಟುಕೊಟ್ಟವರು ಕಾಟಿಪಳ್ಳದ ಗುಡ್ಡದಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಜಾಗವೇ ಸಿಗದವರಿಗೆ ಮುಂದೆ ಸರಕಾರದ ಜನತಾ ಮನೆ, ಆಶ್ರಯ ಮನೆಗಳು ಬಂದವು. ಊರೂರಲ್ಲಿ ಇರುವ "ಐದು ಸೆಂಟ್ಸ್ ಕಾಲನಿ"ಗಳು ಆ ಕಥೆಯ ಭಾಗ. ಐದು ಸೆಂಟ್ಸ್ ಎಂದರೆ 2,178 ಚದರಡಿ. ಮಕ್ಕಳಿಬ್ಬರಿಗೆ ಮದುವೆಯಾದರೆ ಮೂರನೆಯ ಒಲೆಗೆ ಅಲ್ಲಿ ಸ್ಥಳವಿರುವುದಿಲ್ಲ. ಇಂದು ಮೊದಲ ಮನೆಗಾಗಿ ಅತಿ ಹೆಚ್ಚು ಒದ್ದಾಡುತ್ತಿರುವವರಲ್ಲಿ ಈ ಮನೆಗಳ ಮೂರನೆಯ ತಲೆಮಾರಿನವರೂ ಇದ್ದಾರೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಇಷ್ಟು ಬ್ಯಾಂಕುಗಳು ಹುಟ್ಟಿದ ಜಿಲ್ಲೆಯಲ್ಲಿ ಮನೆ ಸಾಲ ಸಿಗುತ್ತಿರಲಿಲ್ಲವೇ?

ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಇದೇ ನೆಲದಲ್ಲಿ ಹುಟ್ಟಿದವು. 1928ರಿಂದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಏಜೆಂಟರು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ದಿನದ ಚಿಲ್ಲರೆ ಉಳಿತಾಯವನ್ನು ಕಟ್ಟಿಸಿಕೊಂಡರು. ಆದರೆ ಆ ಕಾಲದ ಬ್ಯಾಂಕಿನ ಸಾಲ ಮುಖ್ಯವಾಗಿ ವ್ಯಾಪಾರಕ್ಕೆ, ಆಮೇಲೆ ಕೃಷಿಗೆ ಮತ್ತು ಚಿನ್ನದ ಅಡವಿನ ಮೇಲೆ ಸಿಗುತ್ತಿತ್ತು. ಸಂಬಳದವನಿಗೆ ವಾಸದ ಮನೆಗಾಗಿ ದೀರ್ಘಾವಧಿಯ ಸಾಲ ಕೊಡುವುದನ್ನೇ ಮುಖ್ಯ ಉದ್ಯೋಗವಾಗಿಸಿಕೊಂಡ ಎಚ್‌ಡಿಎಫ್‌ಸಿ ಸಂಸ್ಥೆ ಸ್ಥಾಪನೆಯಾದದ್ದು 1977ರಲ್ಲಿ. ರಾಷ್ಟ್ರೀಯ ವಸತಿ ಬ್ಯಾಂಕ್ 1988ರಲ್ಲಿ, ಎಲ್‌ಐಸಿ ಹೌಸಿಂಗ್ ಫೈನಾನ್ಸ್ 1989ರಲ್ಲಿ ಬಂದವು. ಅದಕ್ಕೆ ಮೊದಲು ಮನೆ ಕಟ್ಟಿದವರು ಪಿಎಫ್ ತೆಗೆದು, ಹೆಂಡತಿಯ ಚಿನ್ನ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ಮಾಡಿ, ಭಾವನಿಂದಲೋ ಮಾವನಿಂದಲೋ ಕೈಗಡ ತಂದು ಕಟ್ಟಿದವರು. "ಸಾಲ ಕೊಡುವವರೇ ಇರಲಿಲ್ಲ" ಎಂಬ ಹಿರಿಯರ ಮಾತಿನಲ್ಲಿ ಉತ್ಪ್ರೇಕ್ಷೆ ಬಹಳ ಕಡಿಮೆ.

ಹಣವಿದ್ದರೂ ಆಗ ಮನೆ ಕಟ್ಟುವುದು ನಿಧಾನವಾಗಿತ್ತು ಎನ್ನುತ್ತಾರೆ. ಕಾರಣವೇನು?

ಸಿಮೆಂಟ್. ಅದರ ಬೆಲೆಯೂ ಹಂಚಿಕೆಯೂ ಸರಕಾರದ ನಿಯಂತ್ರಣದಲ್ಲಿದ್ದವು. 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲವಾಗಿ, 1989ರಲ್ಲಿ ಪೂರ್ತಿ ತೆರವಾಗುವವರೆಗೆ ಪರ್ಮಿಟ್ಟಿಗಾಗಿ ಕಚೇರಿಗೆ ಅಲೆದು, ಸಿಕ್ಕಷ್ಟು ಚೀಲಗಳಲ್ಲಿ ಕೆಲಸ ಹೊಂದಿಸಿಕೊಳ್ಳಬೇಕಾಗಿತ್ತು. ಕೆಂಪು ಕಲ್ಲು, ಹೊಳೆಯ ಮರಳು, ಮನೆಯ ಹಿತ್ತಿಲಿನ ಹಲಸಿನ ಮರ ಇವೆಲ್ಲ ಹತ್ತಿರದಲ್ಲೇ ದೊರೆಯುತ್ತಿದ್ದವು. ಇಂದು ಸಿಮೆಂಟ್ ಫೋನ್ ಮಾಡಿದರೆ ಬಂದು ಬೀಳುತ್ತದೆ, ಮರಳಿಗೆ ಪರದಾಟ.

ನಮ್ಮ ಅಪ್ಪ ಒಂದೇ ಸಂಬಳದಲ್ಲಿ ಮನೆ ಮಾಡಿದರು. ನಮಗೆ ಇಬ್ಬರು ದುಡಿದರೂ ಏಕೆ ಆಗುವುದಿಲ್ಲ?

ಬೆಲೆಯನ್ನು ಬೆಲೆಯೊಂದಿಗೆ ಹೋಲಿಸಿದರೆ ಉತ್ತರ ಸಿಗದು, ಸಂಬಳದೊಂದಿಗೆ ಹೋಲಿಸಬೇಕು. ಅದಕ್ಕೆ ಒಂದು ಸರಳ ಅಳತೆಗೋಲು ಇದೆ. ಕೇಂದ್ರ ಸರಕಾರಿ ನೌಕರರ ಕನಿಷ್ಠ ಮೂಲವೇತನ 1986ರ ವೇತನ ಆಯೋಗದಲ್ಲಿ 750 ರೂಪಾಯಿ, 1996ರಲ್ಲಿ 2,550, 2006ರಲ್ಲಿ 7,000, 2016ರಲ್ಲಿ 18,000 ರೂಪಾಯಿ. ಮೂವತ್ತು ವರ್ಷಗಳಲ್ಲಿ ಅದು 24 ಪಟ್ಟಾಯಿತು. ಈಗ ನಿಮ್ಮ ಮನೆಯ ಕಪಾಟಿನಿಂದ ಹಳೆಯ ಕ್ರಯಪತ್ರವನ್ನು ತೆಗೆದು, 1986ರ ಆಸುಪಾಸಿನಲ್ಲಿ ಕೊಂಡ ಜಾಗದ ಸೆಂಟ್ಸಿನ ದರವನ್ನು 24ರಿಂದ ಗುಣಿಸಿ, 2016ರ ಹೊತ್ತಿಗೆ ಅದೇ ಊರಿನಲ್ಲಿ ನಡೆದ ದರದೊಂದಿಗೆ ಇಟ್ಟು ನೋಡಿ. ಕ್ರಯಪತ್ರದಲ್ಲಿ ಕಾಣಿಸಿದ ಮೊತ್ತ ಕೈಬದಲಾದ ಮೊತ್ತಕ್ಕಿಂತ ಕಡಿಮೆ ಇರಬಹುದಾದ್ದರಿಂದ ಹಿರಿಯರ ನೆನಪನ್ನೂ ಕೇಳಿ. ಕದ್ರಿ, ಬೆಂದೂರು, ಮಣಿಪಾಲದಂಥ ಕಡೆ ನಿಜವಾದ ದರ ಆ ಗುಣಲಬ್ಧವನ್ನು ಎಷ್ಟೋ ಮೀರಿರುತ್ತದೆ ಎಂಬುದು ನನ್ನ ನಂಬಿಕೆ. ಒಳಗಿನ ಗ್ರಾಮಗಳಲ್ಲಿ ಅಷ್ಟೊಂದು ಅಂತರ ಕಾಣಿಸದೆ ಇರಬಹುದು. ಲೆಕ್ಕ ಮಾಡಿದ ಮೇಲೆ ಮನೆಯ ಚರ್ಚೆಯಲ್ಲಿ ಧ್ವನಿ ಸ್ವಲ್ಪ ತಗ್ಗುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಬ್ಯಾಂಕ್, ಎಲ್‌ಐಸಿ, ಬಂದರು, ಶಾಲೆ, ಅಂಚೆ ಕಚೇರಿಗಳ ಖಾಯಂ ನೌಕರಿಯಲ್ಲಿ ಅಪ್ಪನ ಸಂಬಳ ನಿವೃತ್ತಿಯವರೆಗೂ ತಪ್ಪುತ್ತಿರಲಿಲ್ಲ, ಆಮೇಲೆ ಪಿಂಚಣಿ ಬರುತ್ತಿತ್ತು. ಇಂದು ಇಬ್ಬರ ಸಂಬಳ ಸೇರಿದರೂ ಇಬ್ಬರದೂ ಖಾಸಗಿ ಕೆಲಸವಾಗಿದ್ದರೆ, ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುವಾಗ ಕೈ ನಡುಗುವುದು ಸಹಜ.

ಆಗ ಬಡ್ಡಿ ಶೇಕಡಾ 15 ಇತ್ತು, ಈಗ ಅದಕ್ಕಿಂತ ಬಹಳ ಕಡಿಮೆ. ಹಾಗಾದರೆ ಈಗ ಸುಲಭವಲ್ಲವೇ?

ಕಂತಿನ ಲೆಕ್ಕವನ್ನು ಬಿಡಿಸಿ ನೋಡೋಣ. ತೊಂಬತ್ತರ ದಶಕದ ನಡುವಿನಲ್ಲಿ ಶೇಕಡಾ 15ರ ಬಡ್ಡಿಗೆ 15 ವರ್ಷಗಳ ಅವಧಿಗೆ 2 ಲಕ್ಷ ಸಾಲ ಮಾಡಿದವರ ಮಾಸಿಕ ಕಂತು ಸುಮಾರು 2,800 ರೂಪಾಯಿ. ಆಗಿನ ಕನಿಷ್ಠ ಮೂಲವೇತನಕ್ಕಿಂತ ಅದು ಹೆಚ್ಚು, ಆದ್ದರಿಂದ ಮೊದಲ ವರ್ಷಗಳು ನಿಜವಾಗಿಯೂ ಬಿಗಿಯಾಗಿದ್ದವು. ಹತ್ತು ವರ್ಷಗಳಲ್ಲಿ ಅದೇ ವೇತನ 7,000ಕ್ಕೆ ಏರಿದಾಗ ಕಂತು ಅದರ ಶೇಕಡಾ 40ಕ್ಕೆ ಇಳಿಯಿತು. ನಡುವೆ ಬಡ್ಡಿದರಗಳೂ ಇಳಿದುದರಿಂದ ಹಲವರು ಅವಧಿಗೆ ಮುಂಚೆಯೇ ಸಾಲ ತೀರಿಸಿದರು.

ಇಂದು 50 ಲಕ್ಷದ ಫ್ಲ್ಯಾಟಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕು ಹೆಚ್ಚೆಂದರೆ ಶೇಕಡಾ 80, ಅಂದರೆ 40 ಲಕ್ಷ ಕೊಡಬಹುದು. ಬಡ್ಡಿ ಶೇಕಡಾ 8.5 ಎಂದಿಟ್ಟುಕೊಂಡರೆ 20 ವರ್ಷಗಳ ಅವಧಿಗೆ ಅದರ ಕಂತು ತಿಂಗಳಿಗೆ ಸುಮಾರು 34,700 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 28,333 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಜಮೆಯಾಗುವುದು ಆರೂವರೆ ಸಾವಿರಕ್ಕೂ ಕಡಿಮೆ. ಅಸಲಿನ ಅರ್ಧ ತೀರುವ ಹೊತ್ತಿಗೆ ಹದಿನಾಲ್ಕನೆಯ ವರ್ಷ ಮುಗಿಯುತ್ತ ಬಂದಿರುತ್ತದೆ. ಹಿಂದಿನವರು ಮನೆಗೆ ಹೋಗುವ ಮೊದಲು ಪಟ್ಟ ಕಷ್ಟವನ್ನು ಇಂದಿನವರು ಮನೆ ಒಕ್ಕಲಾದ ಮೇಲೆ ಪಡುತ್ತಾರೆ. ಯಾವುದು ಭಾರ ಎಂದು ಕೇಳಿದರೆ, ಅರ್ಧ ಕಟ್ಟಿದ ಮನೆಯಲ್ಲಿ ಕೆಲಸ ನಿಲ್ಲಿಸಿ ಕಾಯುವ ಸ್ವಾತಂತ್ರ್ಯ ಹಿಂದಿನವರಿಗಿತ್ತು, ಕಂತು ನಿಲ್ಲಿಸಿ ಕಾಯುವ ಸ್ವಾತಂತ್ರ್ಯ ಇಂದಿನವರಿಗಿಲ್ಲ ಎಂದಷ್ಟೇ ಹೇಳಬಲ್ಲೆ.

ಉಳಿದ 10 ಲಕ್ಷ ಕೈಯಲ್ಲಿದ್ದರೆ ಸಾಕೇ?

ಸಾಕಾಗುವುದಿಲ್ಲ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, ಬೇರೆಯಾಗಿ ನೋಂದಣಿ ಶುಲ್ಕ. ಇವನ್ನು ಬ್ಯಾಂಕು ಮನೆಯ ಮೌಲ್ಯದಲ್ಲಿ ಸೇರಿಸಿಕೊಳ್ಳುವುದಿಲ್ಲ. ಕಟ್ಟುತ್ತಿರುವ ಫ್ಲ್ಯಾಟಾದರೆ ಜಿಎಸ್‌ಟಿಯೂ ಸಾಮಾನ್ಯವಾಗಿ ಶೇಕಡಾ 5 ಬೀಳುತ್ತದೆ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಪಡೆದ ನಂತರ ಕೊಂಡರೆ ಬೀಳುವುದಿಲ್ಲ. ಅಡುಗೆಮನೆಯ ಕಪಾಟು, ಬಾಗಿಲಿನ ಜಾಲರಿ, ಗೃಹಪ್ರವೇಶದ ಊಟ ಇವನ್ನೆಲ್ಲ ಬರೆದುಕೊಂಡರೆ 15 ಲಕ್ಷಕ್ಕೆ ಹತ್ತಿರ ಬರುತ್ತೀರಿ. ಬಾಡಿಗೆ ಕಟ್ಟುತ್ತಲೇ ಇಷ್ಟನ್ನು ಕೂಡಿಹಾಕುವುದು ಇಂದಿನ ಅತಿ ಕಠಿಣ ಹಂತ, ಮತ್ತು ಇಲ್ಲಿಯೇ ಹೆಚ್ಚಿನವರಿಗೆ ತಂದೆತಾಯಿಯ ನೆರವು ಬೇಕಾಗುವುದು.

ಇಂದಿನವರು ಮೊಬೈಲು, ಹೋಟೆಲು, ಪ್ರವಾಸವೆಂದು ದುಂದು ಮಾಡುವುದರಿಂದಲೇ ಮನೆ ಆಗುತ್ತಿಲ್ಲವೇ?

ತಿಂಗಳಿಗೆ ಮೂರು ಸಾವಿರ ಉಳಿಸಿದರೆ ವರ್ಷಕ್ಕೆ 36,000. ಮೇಲಿನ 15 ಲಕ್ಷಕ್ಕೆ ಅದನ್ನು ಹೋಲಿಸಿ ನೀವೇ ನಿರ್ಧರಿಸಿ.

ಮುಂಬಯಿ ಮತ್ತು ಗಲ್ಫ್ ದುಡಿಮೆಯ ಪಾತ್ರವೇನು?

ಬಹಳ ದೊಡ್ಡದು. ಮುಂಬಯಿಯ ಹೋಟೆಲುಗಳಲ್ಲಿ ಹಗಲೂ ರಾತ್ರಿ ದುಡಿದವರೂ, ಎಪ್ಪತ್ತರ ದಶಕದಿಂದ ಗಲ್ಫಿಗೆ ಹೋದವರೂ ಕಳಿಸಿದ ಹಣ ಕರಾವಳಿಯ ಹಂಚಿನ ಮನೆಗಳನ್ನು ತಾರಸಿ ಮನೆಗಳನ್ನಾಗಿ ಮಾಡಿತು. ಕಟ್ಟಿಸಿದವರಲ್ಲಿ ಎಷ್ಟೋ ಮಂದಿ ಆ ಮನೆಯಲ್ಲಿ ವರ್ಷಕ್ಕೊಂದು ರಜೆಯಷ್ಟೇ ಕಳೆದರು, ಮಕ್ಕಳು ಬೆಳೆದದ್ದನ್ನು ಪತ್ರದಲ್ಲಿ ಓದಿದರು. ಅವರಿಗೆ ಮನೆ ಸುಲಭವಾಗಿ ಆಯಿತೆಂದು ಯಾರೂ ಹೇಳಬಾರದು. ಅದೇ ಹೊರಗಿನ ಹಣ ಊರಿನ ಜಾಗದ ದರವನ್ನು ಇಲ್ಲಿನ ಸಂಬಳಕ್ಕೆ ನಿಲುಕದಂತೆ ಏರಿಸಿತು ಎಂಬುದೂ ಅಷ್ಟೇ ನಿಜ.

ಕಾಗದಪತ್ರದ ತೊಂದರೆ ಆಗ ಹೆಚ್ಚಿತ್ತೇ, ಈಗ ಹೆಚ್ಚೇ?

ದಾಖಲೆ ನೋಡುವುದು ಈಗ ಸುಲಭ. ಪಹಣಿಯೂ ಋಣಭಾರ ಪತ್ರವೂ ಮನೆಯಿಂದಲೇ ಸಿಗುತ್ತವೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಿಂದಾಗಿ ದೊಡ್ಡ ವಸತಿ ಯೋಜನೆಗಳು ನೋಂದಣಿಯಾಗಬೇಕು, ಖರೀದಿದಾರರಿಂದ ಪಡೆದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಹಿಂದೆ ಫ್ಲ್ಯಾಟ್ ಬುಕ್ ಮಾಡಿದವರಿಗೆ ಈ ರಕ್ಷಣೆ ಇರಲಿಲ್ಲ. ಆದರೆ ಕಟ್ಟುವವರಿಗೆ ಹಂತಗಳು ಹೆಚ್ಚಾಗಿವೆ: ಭೂ ಪರಿವರ್ತನೆ, ನಗರಾಭಿವೃದ್ಧಿ ಪ್ರಾಧಿಕಾರದ ವಿನ್ಯಾಸ ಅನುಮೋದನೆ, ಪಂಚಾಯತ್ ವ್ಯಾಪ್ತಿಯಲ್ಲಿ 9 ಮತ್ತು 11ರ ನಮೂನೆ, ನಗರದಲ್ಲಿ ಇ-ಖಾತಾ, ಆಮೇಲೆ ಕಟ್ಟಡ ಪರವಾನಗಿ. ಅಜ್ಜ ಗುದ್ದಲಿಪೂಜೆ ಮಾಡಿಸಿ ಅಡಿಪಾಯ ಅಗೆಸಿದ್ದರು.

ಮಂಗಳೂರು, ಉಡುಪಿಯ ಹಳೆಯ ಪ್ರದೇಶಗಳಲ್ಲಿ ಕೊಳ್ಳುವವರು ಮೂಲಗೇಣಿಯ ವಿಚಾರವನ್ನು ಕಡ್ಡಾಯವಾಗಿ ಕೇಳಬೇಕು. ಮೂಲಗೇಣಿದಾರರಿಗೆ ಒಡೆತನ ನೀಡುವ ಕಾಯ್ದೆಯನ್ನು ರಾಜ್ಯ 2011ರಲ್ಲಿ ತಂದಿದೆ. ಹಾಗಿದ್ದರೂ ನೀವು ನೋಡುತ್ತಿರುವ ಜಾಗದಲ್ಲಿ ಪೂರ್ಣ ಒಡೆತನ ಬಂದಿದೆಯೇ, ಮೂಲಿದಾರರ (ಮೂಲ ಒಡೆಯರ) ಹಕ್ಕು ಇನ್ನೂ ಉಳಿದಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲು ಸ್ಥಳೀಯ ವಕೀಲರಿಂದ ನೋಡಿಸಿ. ಅಪಾರ್ಟ್‌ಮೆಂಟಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ನೀವು ಕೊಳ್ಳುವುದು ಅಡಿಯ ಜಾಗದ ಅವಿಭಜಿತ ಪಾಲನ್ನೂ ಸೇರಿಸಿ.

ಹೆಣ್ಣುಮಕ್ಕಳಿಗೆ ಯಾವ ಕಾಲ ಹೆಚ್ಚು ಅನುಕೂಲ?

ಇಂದಿನದು, ನಿಸ್ಸಂದೇಹವಾಗಿ. ಅಳಿಯಸಂತಾನದ ಮನೆಗಳಲ್ಲಿ ಹೆಣ್ಣಿಗೆ ತಾಯಿಮನೆಯ ಆಸರೆ ಎಂದೂ ತಪ್ಪುತ್ತಿರಲಿಲ್ಲ ಎಂಬುದು ನಮ್ಮ ಜಿಲ್ಲೆಯ ದೊಡ್ಡ ಬಲವಾಗಿತ್ತು, ಆದರೂ ವ್ಯವಹಾರ ಹೆಚ್ಚಾಗಿ ಗಂಡಸರ ಕೈಯಲ್ಲೇ ಇತ್ತು. ಬೇರೆ ಹಿಂದೂ ಕುಟುಂಬಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದದ್ದು ರಾಜ್ಯದಲ್ಲಿ 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ 2005ರಿಂದ. ಬೀಡಿ ಕಟ್ಟಿ ಕೂಡಿಸಿದ ಹಣದಲ್ಲಿ ಮನೆ ಎಬ್ಬಿಸಿದ ತಾಯಂದಿರು ಇಲ್ಲಿ ಊರಿಗೆ ಹತ್ತಾರು ಮಂದಿ ಇದ್ದಾರೆ. ಪಹಣಿಯಲ್ಲಿ ಅವರ ಹೆಸರಿರುವುದು ಅಪರೂಪ. ಇಂದು ಕೊಳ್ಳುವ ದಂಪತಿ ಇಬ್ಬರ ಹೆಸರಿನಲ್ಲಿಯೂ ಕ್ರಯಪತ್ರ ಮಾಡಿಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನಮ್ಮ ಕುಟುಂಬದಲ್ಲಿ ಸ್ವಲ್ಪ ಜಾಗವಿದೆ. ಫ್ಲ್ಯಾಟ್ ಬಿಟ್ಟು ಅಲ್ಲೇ ಕಟ್ಟಬಹುದೇ?

ಕೆಲಸದ ಸ್ಥಳ ದೂರವಿಲ್ಲದಿದ್ದರೆ ಮೊದಲು ಅದನ್ನೇ ಯೋಚಿಸಿ, ಏಕೆಂದರೆ ಇಂದಿನ ವೆಚ್ಚದಲ್ಲಿ ಹಿಡಿತಕ್ಕೆ ಸಿಗದಿರುವುದು ಜಾಗವೇ. ಹಿರಿಯರು ಗಟ್ಟಿಯಾಗಿರುವಾಗಲೇ ಪಾಲುಪಟ್ಟಿಯನ್ನೋ ದಾನಪತ್ರವನ್ನೋ ನೋಂದಣಿ ಮಾಡಿಸಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಅಣ್ಣತಮ್ಮ, ಅಕ್ಕತಂಗಿಯರೆಲ್ಲರ ಸಹಿ ಇರಲಿ, ಮುಂಬಯಿಯಲ್ಲಿರುವವರನ್ನೂ ದುಬೈಯಲ್ಲಿರುವವರನ್ನೂ ಬಿಡಬೇಡಿ, ಬಾಯಿಮಾತಿನ ಒಪ್ಪಿಗೆಯ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. ಡಿಕ್ಲರೇಶನ್‌ನಲ್ಲಿ ಅಜ್ಜನ ಹೆಸರಿಗೆ ಬಂದ ಜಾಗವಾದರೆ ನ್ಯಾಯಮಂಡಳಿಯ ಆದೇಶದ ದೃಢೀಕೃತ ಪ್ರತಿಯನ್ನು ತಾಲೂಕು ಕಚೇರಿಯಿಂದ ತೆಗೆಸಿಟ್ಟುಕೊಳ್ಳಿ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆಗೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆಗೆ) ಅರ್ಜಿ ಕೊಡುವುದರಿಂದ ಕೆಲಸ ಶುರು ಮಾಡಿ, ಆಮೇಲೆ ಭೂ ಪರಿವರ್ತನೆಗೆ ಹೋಗಿ. ಇಷ್ಟು ಮುಗಿಯುವವರೆಗೆ ಎಂಜಿನಿಯರಿಗೆ ಮುಂಗಡ ಕೊಡಬೇಡಿ.